ಎಡ ಬಾಗಿಲಿಗೆ ಎರಡು ತಟ್ಟು

ಪತ್ರಿಕೆಯ ಡೆಸ್ಕಿನಲ್ಲಿ ಹದಿನಾರು ವರ್ಷದಿಂದ ಕೂತವನು ನಾನು. ಎರಡು ಕಡೆಯಿಂದ ಖಾತ್ರಿಯಾಗದ ಸುದ್ದಿಯನ್ನು ಪುಟಕ್ಕೆ ಬಿಟ್ಟವನಲ್ಲ. ಇದಕ್ಕೂ ಸಾಕ್ಷಿಗಳು ಇಬ್ಬರು. ಒಬ್ಬ ನಾನು, ಇನ್ನೊಬ್ಬ ನೌಫಲ್.

ನೌಫಲ್ ನಮ್ಮ ವರದಿಗಾರ, ನನಗಿಂತ ಆರು ವರ್ಷ ಚಿಕ್ಕವನು. ಆಫೀಸಿಗೆ ಬರುವುದು ಸೈಕಲಿನಲ್ಲಿ. ಕನ್ನಡಿಗೆ ಕಾಣದ ಜಾಗವೊಂದು ಕಾರಿನ ಎಡಗಡೆ ಇದ್ದೇ ಇರುತ್ತದೆ, ಸೈಕಲಿನವನು ಅಲ್ಲೇ ಇರುತ್ತಾನೆ, ತಿರುಗುವ ಮೊದಲು ಕುತ್ತಿಗೆ ಹೊರಳಿಸಿ ನೋಡಿ ಎಂದು ಅವನೊಂದು ಲೇಖನ ಬರೆದ. ತಿದ್ದಿದವನು ನಾನು, ತಲೆಬರಹ ಕೊಟ್ಟವನೂ ನಾನು. ಹೊಗಳಿಕೆ ಅವನಿಗೆ. ನನ್ನ ಹೆಂಡತಿ ಶೋಭಾ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. ನಾನು ಬರೆದದ್ದು ಯಾವುದೂ ಆ ಫ್ರಿಜ್ಜಿಗೆ ಏರಿಲ್ಲ.

ಇದು ನಡೆದ ದಿನ ಸಂಜೆ, ನಾನು ಆಸೆಪಟ್ಟಿದ್ದ ಮುಖ್ಯ ವರದಿಗಾರನ ಹುದ್ದೆಯೂ ಅವನಿಗೇ ಹೋಯಿತು. ಕೈ ಕುಲುಕಿದೆ. ಅವನ ಅಂಗೈ ಬೆಚ್ಚಗಿತ್ತು. ಅದೂ ಸಿಟ್ಟು ತರಿಸಿತು.

ರಾತ್ರಿ ಎಂಟಕ್ಕೆ ಮಣ್ಣಗುಡ್ಡದ ಆಫೀಸಿನಿಂದ ಕಾರಿನಲ್ಲಿ ಹೊರಟೆ, ಒಬ್ಬನೇ. ನಂತೂರಿನ ಆಚೆ ಸೈಕಲಿನಲ್ಲಿ ಹೋಗುತ್ತಿದ್ದ ನೌಫಲ್ ಸಿಕ್ಕಿದ. ಅವನನ್ನು ದಾಟಿ ಮುಂದೆ ಬಂದೆ. ನಾನು ಶಕ್ತಿನಗರಕ್ಕೆ ಎಡಕ್ಕೆ ತಿರುಗಬೇಕು, ಅವನು ನೇರ ಹೋಗುವವನು. ತಿರುವಿನಲ್ಲಿ ನಿಧಾನಿಸಿದೆ. ಎಡಗನ್ನಡಿಯಲ್ಲಿ ಅವನ ಬಿಳಿ ದೀಪ ಹತ್ತಿರವಾಗುತ್ತಾ ಬಂತು... ಆಮೇಲೆ ಮಾಯವಾಯಿತು.

ಮಾಯವಾದರೆ ಎಲ್ಲಿದ್ದಾನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುತ್ತಿಗೆ ಹೊರಳಿಸಲಿಲ್ಲ.

ನನ್ನ ಅಪ್ಪ ಸಿಟಿ ಬಸ್ಸಿನ ಡ್ರೈವರ್. ಎಡಕ್ಕೆ ನೋಡಿದವರೇ ಅಲ್ಲ. ಫುಟ್‌ಬೋರ್ಡಿನ ಕಂಡಕ್ಟರ್ ಬಸ್ಸಿನ ಮೈಗೆ ಒಂದು ಸಲ ತಟ್ಟಿದರೆ ನಿಲ್ಲಿಸಬೇಕು. ಎರಡು ಸಲ ತಟ್ಟಿ "ರೈಟ್, ಪೋಯಿ" ಎಂದರೆ ಹೊರಡಬೇಕು. ನಾನು ಕಾರು ಕಲಿತದ್ದು ಅವರಿಂದ. ಶೋಭಾ ಪಕ್ಕದಲ್ಲಿದ್ದರೆ ಅವಳೇ ಬಾಗಿಲು ತಟ್ಟುತ್ತಾಳೆ, ನಾನು ತಿರುಗಿಸುತ್ತೇನೆ.

ಆ ರಾತ್ರಿ ತಿರುವಿನಲ್ಲಿ, ಕಾರಿನೊಳಗೆ ಒಮ್ಮೆಲೇ ತೆಂಗಿನೆಣ್ಣೆಯ ವಾಸನೆ. ಅದರ ಜೊತೆ ಬೆವರು... ಯಾರೋ ಒತ್ತಿ ಕೂತ ಹಾಗೆ.

ಟಪ್... ಟಪ್.

ಎಡ ಬಾಗಿಲಿಗೆ.

ಸ್ಟೀರಿಂಗ್ ತಿರುಗಿಸಿದೆ. ಕೈ ತಾನಾಗಿ ತಿರುಗಿತು ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ.

ತಗಡು ಕೆರೆದ ಸದ್ದು... ಆಮೇಲೆ ಚಕ್ರವೊಂದು ಸುಮ್ಮನೆ ತಿರುಗುತ್ತಿರುವ ಕಿರಿಕಿರಿ.

ಕಾರು ನಿಲ್ಲಿಸಿ, ಇಳಿದು ಅವನತ್ತ ಓಡಿದೆ. ನೌಫಲ್ ರಸ್ತೆಯಂಚಿನಲ್ಲಿ ಎದ್ದು ಕೂತಿದ್ದ. ಮೊಣಕೈ ತರಚಿತ್ತು, ಅಷ್ಟೇ. "ನಾಳೆ ಒಂದು ಕಾಲಂ ಕೊಡಿ ಮಾರಾಯ್ರೆ, ತಲೆಬರಹ ನೀವೇ ಹಾಕಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮತ್ತೆ ಅವನು ಕಾರಿನ ಕಡೆ ನೋಡಿ ದನಿ ತಗ್ಗಿಸಿದ.

"ನಿಮ್ಮೊಟ್ಟಿಗೆ ಇದ್ದವರು ಎಂತ ಹಾಗೆ? ಕೈ ಹೊರಗೆ ಹಾಕಿ... ನನ್ನನ್ನು ನೋಡಿಯೇ ತಟ್ಟಿದ್ರು."

ತಿರುಗಿ ನೋಡಿದೆ. ಎಡ ಸೀಟು ಖಾಲಿ. ಎಸಿ ಹಾಕಿ, ಗಾಜು ಮುಚ್ಚಿ ಬಂದಿದ್ದೆ. ಆ ಬದಿಯ ಗಾಜು ಪೂರ್ತಿ ಇಳಿದಿತ್ತು.

"ಇಳಿದು ಹೋದ್ರಾ? ನಿಮ್ಮ ಅಣ್ಣನಾ? ಮುಖ ನಿಮ್ಮ ಹಾಗೇ ಉಂಟು."

ನಾನು ಮನೆಗೆ ಒಬ್ಬನೇ ಮಗ.

"ಹೌದು" ಎಂದೆ.

ಗಾಯ ವಾರದಲ್ಲಿ ವಾಸಿಯಾಯಿತು. ಪೊಲೀಸರವರೆಗೆ ಹೋಗುವುದು ಬೇಡ ಎಂದವನು ನೌಫಲ್‌ನೇ. ಈಗ ಪ್ರತಿ ತಿರುವಿನಲ್ಲೂ ಕಾರು ನಿಲ್ಲಿಸಿ, ಕುತ್ತಿಗೆ ಹೊರಳಿಸಿ ನೋಡುತ್ತೇನೆ. ನೋಟ ಪಕ್ಕದ ಸೀಟನ್ನು ದಾಟಿಯೇ ಹೋಗಬೇಕಲ್ಲ... ಅಲ್ಲಿ ನಿಲ್ಲಲು ಬಿಡುವುದಿಲ್ಲ.

ಕ್ಯಾಂಟೀನಿನಲ್ಲಿ ಸಿಕ್ಕಾಗ ನೌಫಲ್ ಅಣ್ಣನ ಕ್ಷೇಮ ವಿಚಾರಿಸುತ್ತಾನೆ. ಚೆನ್ನಾಗಿದ್ದಾನೆ ಎನ್ನುತ್ತೇನೆ. ನೌಫಲ್‌ನ ಹೆಸರು ಮುಖಪುಟದಲ್ಲಿ ಬಂದ ದಿನ ಮಾತ್ರ ಕಾರನ್ನು ಆಫೀಸಿನಲ್ಲೇ ಬಿಟ್ಟು, ಬಸ್ಸಿನಲ್ಲಿ ಮನೆಗೆ ಹೋಗುತ್ತೇನೆ.