ಸಂಜೀವಣ್ಣ ಮತ್ತು ವಾಪಸ್ಸು ಬಂದ ತಟ್ಟೆಗಳು

ಟಿ.ವಿ.ಯಲ್ಲಿ ಯಾವ ದೇಶದ ನಾಯಕ ಭಾಷಣಕ್ಕೆ ನಿಂತರೂ ಸಂಜೀವಣ್ಣ ರಿಮೋಟ್ ಕಿತ್ತುಕೊಂಡು ಸದ್ದು ಅಡಗಿಸಿಬಿಡುತ್ತಿದ್ದರು. ಟಿ.ವಿ. ನಮ್ಮದು, ರಿಮೋಟ್ ನಮ್ಮದು, ಕರೆಂಟ್ ಬಿಲ್ಲೂ ನಮ್ಮದೇ. ಆದರೆ ಕೇಳುವವರು ಯಾರು? "ಮಾತು ಎಂತಕ್ಕೆ ಮಾರಾಯ್ತಿ? ಮುಖ ನೋಡು. ಇವ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವ ಮನುಷ್ಯ. ಇವನ ಊರಿನವರ ಕಥೆ ಕಷ್ಟ ಉಂಟು," ಎಂದು ನನಗೆ ತೀರ್ಪು ಕೊಟ್ಟು ಸೋಫಾದ ಮೂಲೆಗೆ ಒರಗುತ್ತಿದ್ದರು.

ಮಲ್ಪೆಯ ಕಡೆಯವರು. ಆಯುಷ್ಯದ ಬಹುಪಾಲು ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ನಿವೃತ್ತರಾದ ಮೇಲೆ ನವಿ ಮುಂಬೈಯ ನೆರೂಳದ ನಮ್ಮ ಬಿಲ್ಡಿಂಗಿನ ತಳಮಹಡಿಗೆ ಬಂದರು. ಅವರ ಹೆಂಡತಿ ಮನೆಯಲ್ಲಿ ಸುದ್ದಿ ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ಪ್ರಪಂಚದ ಉಸಾಬರಿಯೆಲ್ಲ ನಮ್ಮ ಹಾಲ್‌ನಲ್ಲೇ ನಡೆಯುತ್ತಿತ್ತು. ಎಷ್ಟೋ ಬಂದರುಗಳಲ್ಲಿ ಅವರು ನೆಲಕ್ಕೆ ಕಾಲಿಟ್ಟದ್ದೇ ಇಲ್ಲ. ಕೇಳಿದರೆ, ದೇಶ ನೋಡಲಿಲ್ಲ, ದೇಶದ ಹೊಟ್ಟೆ ನೋಡಿದ್ದೇನೆ ಎನ್ನುತ್ತಿದ್ದರು. ಬಡಿಸಿದ್ದು ಹೇಗೆ ವಾಪಸ್ಸು ಬಂತು ಎಂಬುದನ್ನು ನೋಡಿಯೇ ಜನರನ್ನು ಅಳೆಯುವುದು ಅವರ ಪದ್ಧತಿ. ಒಂದು ಹಡಗಿನಲ್ಲಿ ರಷ್ಯಾದವನೊಬ್ಬ, ಉಕ್ರೇನಿನವನೊಬ್ಬ ಇದ್ದರಂತೆ. ಬೀಟ್‌ರೂಟ್ ಸಾರು ತಮ್ಮ ದೇಶದ್ದೆಂದು ಇಬ್ಬರೂ ಜಗಳವಾಡುತ್ತ, ಒಂದೇ ಪಾತ್ರೆಯಿಂದ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರಂತೆ. ಆ ಎರಡು ದೇಶಗಳಿಗೆ ಯುದ್ಧ ಹತ್ತಿದಾಗ ನಮ್ಮ ಹೌಸಿಂಗ್ ಸೊಸೈಟಿಯ ಗಂಡಸರು ಗೇಟಿನ ಬಳಿ ಪಕ್ಷ ಕಟ್ಟಿಕೊಂಡು ಕಿರುಚಾಡುತ್ತಿದ್ದರು. ನೀವು ಯಾರ ಕಡೆ ಎಂದು ಕೇಳಿದ್ದಕ್ಕೆ ಸಂಜೀವಣ್ಣ, "ನನ್ನ ಹತ್ರ ಕೇಳ್ಬೇಡಿ. ನಾನು ಇಬ್ಬರಿಗೂ ಬಡಿಸಿದವ," ಎಂದು ಚೀಲ ಹಿಡಿದು ತರಕಾರಿಗೆ ಹೊರಟೇಬಿಟ್ಟರು.

ಇಂಥವರ ಅಭಿಪ್ರಾಯಕ್ಕೆ ಒಂದು ಭಾನುವಾರ ನಿಜವಾದ ಬೆಲೆ ಬಂತು. ನನ್ನ ತಮ್ಮ ದಿನೇಶ ಆಗ ಒಂದು ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್. ಕೊಲ್ಲಿಯ ಬಂದರೊಂದರಲ್ಲಿ ಲಂಗರು ಹಾಕಿದ್ದರು, ಮುಂದಿನ ದಾರಿ ಕೆಂಪು ಸಮುದ್ರ. ಅಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದ ದಿನಗಳವು. ಬರಲು ಮನಸ್ಸಿಲ್ಲದವರು ನಾಳೆ ಬೆಳಿಗ್ಗೆಯೊಳಗೆ ಹೇಳಿ ಇಳಿಯಬಹುದು ಎಂದು ಕ್ಯಾಪ್ಟನ್ ತಿಳಿಸಿದ್ದ. ಇಳಿದರೆ ಕಂಪನಿ ಮತ್ತೆ ಕರೆಯುವುದು ಅನುಮಾನ. ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದ ದಿನೇಶ, ನಾನು ಹೋಗುತ್ತೇನೆ, ಏನೂ ಆಗುವುದಿಲ್ಲ, ನೀವು ಸುಮ್ಮನೆ ಟೆನ್ಷನ್ ತಗೋಬೇಡಿ ಎಂದ. ಅಮ್ಮ ಫೋನನ್ನು ಸೋಫಾದ ಮೂಲೆಯಲ್ಲಿ ಕೂತಿದ್ದ ಸಂಜೀವಣ್ಣನ ಕೈಗೆ ತುರುಕಿ, "ನೀವೇ ಹೇಳಿ. ನೀವು ಹೇಳಿದ ಹಾಗೆ ಅವ ಮಾಡ್ಲಿ," ಎಂದಳು.

ಸಂಜೀವಣ್ಣ ಹಡಗಿನ ಹೆಸರು ಕೇಳಲಿಲ್ಲ, ಯಾವ ದೇಶದ ಬಾವುಟ ಎಂದೂ ಕೇಳಲಿಲ್ಲ. "ಇವತ್ತು ಮಧ್ಯಾಹ್ನ ಮೆಸ್ಸಿನಲ್ಲಿ ಎಂತ?"

"ಚಿಕನ್ ಬಿರಿಯಾನಿ, ಅಣ್ಣಾ. ಸಂಡೇ ಅಲ್ವಾ?"

"ತಟ್ಟೆ ಹೇಗೆ ವಾಪಸ್ಸು ಬಂತು?"

ದಿನೇಶ ನಕ್ಕ. "ಅಣ್ಣಾ, ಯೇ ಟೆನ್ಷನ್ ಮೇ ಕೌನ್ ಖಾತಾ ಹೈ? ಎಲ್ಲರೂ ತಿನ್ನದೆ ಹಾಗೇ ಬಿಟ್ಟು ಎದ್ರು. ಕುಕ್ ಬೈತಾ ಇದ್ದಾನೆ."

ಸಂಜೀವಣ್ಣ ಸೋಫಾದಿಂದ ಎದ್ದು ನಿಂತರು. ಹಿಂದೆ ಇರಾನ್-ಇರಾಕ್ ಯುದ್ಧದ ಕಾಲದಲ್ಲಿ ತಮ್ಮ ಹಡಗಿಗೆ ಬಾಂಬು ಬಿದ್ದ ಕಥೆಯನ್ನು ಅವರು ನಮಗೆ ಹತ್ತಾರು ಸಲ ಹೇಳಿದ್ದರು, ಸೌಟು ಹಿಡಿದುಕೊಂಡೇ ಡೆಕ್ಕಿಗೆ ಓಡಿದ್ದನ್ನು ನಟಿಸಿ ತೋರಿಸಿ ನಗಿಸಿದ್ದರು. ಈ ಭಾನುವಾರ ಮಾತ್ರ ಆ ಕಥೆಯಲ್ಲಿ ಹೇಳದೆ ಬಿಟ್ಟಿದ್ದ ಭಾಗವನ್ನು ಹೇಳಿದರು. ಬಾಂಬು ಬಿದ್ದ ದಿನ ಮಧ್ಯಾಹ್ನವೂ ಅನ್ನ ಹಾಗೇ ವಾಪಸ್ಸು ಬಂದಿತ್ತಂತೆ. ಹುಡುಗರೆಲ್ಲ ಮೇಲುಮೇಲಕ್ಕೆ ಧೈರ್ಯದ ಮಾತಾಡುತ್ತಿದ್ದರಂತೆ. ಅನ್ನ ಚೆಲ್ಲುತ್ತೀಯಾ ಎಂದು ಇವರು ಗೋಪಾಲ ಎಂಬ ತಮ್ಮ ಊರಿನವನಿಗೇ ಬೈದರಂತೆ. ಸಂಜೆ ಗೋಪಾಲ ಇರಲಿಲ್ಲ.

"ಬಾಯಿ ಸುಳ್ಳು ಹೇಳ್ತದೆ ದಿನೇಶ, ಹೊಟ್ಟೆ ಹೇಳುವುದಿಲ್ಲ. ಇಳಿ," ಎಂದು ಫೋನು ಅಮ್ಮನಿಗೆ ಕೊಟ್ಟರು.

ದಿನೇಶ ಇಳಿದ. ಆ ಹಡಗು ಹೋಯಿತು, ಕೆಂಪು ಸಮುದ್ರ ದಾಟಿತು, ಒಂದು ಗೀರೂ ಬೀಳಲಿಲ್ಲ. ಕಂಪನಿ ಅವನನ್ನು ಮತ್ತೆ ಕರೆಯಲೇ ಇಲ್ಲ. ಊರಿನವರ ಶಿಫಾರಸಿನಿಂದ ಕೋಪರಖೈರಣೆಯ ಹೋಟೆಲೊಂದರಲ್ಲಿ ಕೌಂಟರಿಗೆ ಕೂತ. ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಇಡ್ಲಿ-ವಡೆಯ ಕೂಪನ್ ಹರಿಯುವ ಕೆಲಸ. ಒಂದು ಸಂಜೆ ನಮ್ಮ ಹಾಲ್‌ನಲ್ಲೇ ಸಂಜೀವಣ್ಣನ ಮೇಲೆ ಹರಿಹಾಯ್ದ. ನಿಮ್ಮ ತಟ್ಟೆ ಪುರಾಣ ಕೇಳಿ ನನ್ನ ಲೈಫ್ ಬರ್ಬಾದ್ ಆಯ್ತು, ಏನಾಯ್ತು ಆ ಹಡಗಿಗೆ, ಹೇಳಿ ಎಂದು ಕೂಗಿದ. ನಾನು ಅಡ್ಡ ಹೋದರೆ ನನಗೂ ಬೈಗುಳ ಬಿತ್ತು. ಸಂಜೀವಣ್ಣ ತಲೆ ತಗ್ಗಿಸಿ ಎಲ್ಲ ಮುಗಿಯುವವರೆಗೆ ಕೇಳಿಸಿಕೊಂಡರು.

"ನಾನು ಹೇಳಿದ್ದು ತಪ್ಪಾಯ್ತು ಮಾರಾಯ. ಆದ್ರೆ ನೀನು ಇಲ್ಲಿ ನಿಂತು ನನಗೆ ಬೈತಾ ಇದ್ದೀಯಲ್ಲ, ಅದು ನನಗೆ ಕೇಳ್ತಾ ಉಂಟು. ನನಗೆ ಅಷ್ಟು ಸಾಕು."

ಕಳೆದ ಮಳೆಗಾಲ ಅವರು ತೀರಿಕೊಂಡರು. ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವನು ದಿನೇಶ. ಸೋಫಾದ ಆ ಮೂಲೆಯಲ್ಲಿ ಈಗ ಮಡಚಬೇಕಾದ ಬಟ್ಟೆ ಬಿದ್ದಿರುತ್ತದೆ. ಟಿ.ವಿ.ಯಲ್ಲಿ ಮತ್ತೆಲ್ಲೋ ಯುದ್ಧ, ಮತ್ತಾವುದೋ ಹಡಗು. ದಿನೇಶ ರಿಮೋಟ್ ತೆಗೆದುಕೊಂಡು ಸದ್ದು ಅಡಗಿಸುತ್ತಾನೆ, ಆಮೇಲೆ ಆ ಮೂಲೆಯ ಕಡೆ ತಿರುಗಿ ಬೈಯಲು ಶುರುಮಾಡುತ್ತಾನೆ, ಆ ಮುದುಕ ನನ್ನ ನೌಕರಿ ತಿಂದ ಎಂದು. ಒಳಗೆ ಚಟ್ನಿ ರುಬ್ಬುತ್ತಿರುವ ಅಮ್ಮ, ಅವನ ದನಿ ಕೇಳಿದೊಡನೆ ಮಿಕ್ಸಿ ನಿಲ್ಲಿಸುತ್ತಾಳೆ. ಅವನು ಬೈದು ಮುಗಿಸುವವರೆಗೂ ಮತ್ತೆ ಹಾಕುವುದಿಲ್ಲ.