ಚೆಂಡಿನ ಪಯಣ, ಅಜ್ಜಿಯ ಪ್ರದಕ್ಷಿಣೆ

ಮೂರನೆಯ ಮಹಡಿಯ ಮೆಟ್ಟಿಲಿನಿಂದ ಒಂದು ರಬ್ಬರ್ ಚೆಂಡು ಜಾರಿದರೆ ಅದು ಒಂದೇ ಬಗೆಯಲ್ಲಿ ಕೆಳಗೆ ತಲುಪುತ್ತದೆಂದು ನಾನು ಬಹುಕಾಲ ನಂಬಿದ್ದೆ. ಎಪ್ಪತ್ತರ ದಶಕದ ಆರಂಭದಲ್ಲಿ ಮಲಾಡಿನ ಬಿಲ್ಡಿಂಗೊಂದರಲ್ಲಿ ಸಂಸಾರ ಹೂಡಿ, ಐದು ವರ್ಷದ ಮಗಳು ಶಾಲಿನಿಯ ವರದಿಗಳಿಗೆ ಕಿವಿಗೊಡತೊಡಗಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಎದುರುಮನೆಯ ಕಾಕುವಿಗೆ ಅವಳು ಮರಾಠಿಯಲ್ಲಿ ಚೆಂಡು ಕೆಳಗೆ ಹೋಯಿತೆಂದಷ್ಟೇ ತಿಳಿಸುವಳು. ಹಾಲಿನ ಭೈಯ್ಯಾನಿಗೆ ಹಿಂದಿಯಲ್ಲಿ, ಅದು ತಪ್ಪಿಸಿಕೊಂಡು ಓಡಿತೆಂದು, ಹಿಡಿದು ತರಬೇಕಾದ ಕಳ್ಳನ ಹಾಗೆ ದೂರು ಕೊಡುವಳು. ಆಗಷ್ಟೇ ಕಲಿಯುತ್ತಿದ್ದ ಇಂಗ್ಲಿಷಿನಲ್ಲಿ ಚೆಂಡು ನೆಗೆಯುತ್ತಿತ್ತು, ಕುಣಿಯುತ್ತಿತ್ತು. ಎಲ್ಲಿಗೆ ಹೋಯಿತೆಂಬ ಸುದ್ದಿ ಮಾತ್ರ ಇರುತ್ತಿರಲಿಲ್ಲ. ಅಜ್ಜಿಗೆ ಕನ್ನಡದಲ್ಲಿ ಹೇಳುವಾಗಲಷ್ಟೇ ಅದು ಟಣ್ ಟಣ್ಣನೆ ಮೆಟ್ಟಿಲಿಳಿದು, ಗೇಟು ದಾಟಿ, ಚರಂಡಿ ಹಾರಿ, ಪಾನ್‌ವಾಲಾನ ಹಲಗೆಯ ಕೆಳಗೆ ನುಸುಳಿ ಕೂತಿರುತ್ತಿತ್ತು. ಚೆಂಡು ಒಂದೇ, ಬಿದ್ದದ್ದೂ ಒಂದೇ ಸಲ. ಪ್ರವಾಸಕಥನಗಳು ಮಾತ್ರ ನಾಲ್ಕು.

ಇಂಥ ಸಮೃದ್ಧಿಯನ್ನು ಅನುಭವಿಸಿ ಸುಮ್ಮನಿರುವ ವಿವೇಕ ನನಗಿರಲಿಲ್ಲ. ಮನೆಯಲ್ಲಿಯೂ ಇಂಗ್ಲಿಷ್ ಆಡಿಸಿ ಎಂದು ಶಾಲೆಯ ಟೀಚರು ಹೇಳಿದ್ದೇ ತಡ, ಬೆಳಿಗ್ಗೆ ಎದ್ದ ಕ್ಷಣದಿಂದ ನಾನು ಲೋಕಲ್ ರೈಲು ಹಿಡಿಯಲು ಹೊರಡುವವರೆಗೆ ಮನೆಯೊಳಗೆ ಇಂಗ್ಲಿಷಲ್ಲದೆ ಅನ್ಯಭಾಷೆ ಕೂಡದೆಂದು ಶಾಸನ ಹೊರಡಿಸಿದೆ. ಅದರ ಮೊದಲ ಬಲಿಪಶು ನಾನೇ. ಕಚೇರಿಯಲ್ಲಿ ಪತ್ರ ಬರೆಯಲು ಒದಗುವ ಇಂಗ್ಲಿಷು ಸಾಂಬಾರಿಗೆ ಉಪ್ಪು ಕಡಿಮೆಯಾದದ್ದನ್ನು ಹೇಳಲು ಒದಗುವುದಿಲ್ಲವೆಂಬುದು ಆಗ ತಿಳಿಯಿತು. ಹೆಂಡತಿ ವಿಮಲಾ ಜಾಣೆ. ಬೆಳಗಿನ ಹೊತ್ತು ಮೌನವ್ರತ ಹಿಡಿದಳು. ಮೈಸೂರಿನಿಂದ ಬಂದು ಕೆಲವೇ ತಿಂಗಳಾಗಿದ್ದ ನನ್ನ ತಾಯಿಗೆ ಕನ್ನಡವಲ್ಲದೆ ಬೇರೆ ಗತಿಯಿರಲಿಲ್ಲವಾಗಿ, ಅವರು ಕಾಫಿಯ ಲೋಟ ಹಿಡಿದು ನಮ್ಮ ಬಾಯಿಗಳನ್ನೇ ನೋಡುತ್ತ ಕೂರುತ್ತಿದ್ದರು. ಹೊರಡುವಾಗ ನಾನು ಬಾಗಿಲಲ್ಲಿ ನಿಂತು, ಮಗಳಿಗೆ ಪಾಠವಾಗಲೆಂದು, 'ಐ ಆಮ್ ಗೋಯಿಂಗ್' ಎಂದು ಗಟ್ಟಿಯಾಗಿ ಸಾರುತ್ತಿದ್ದೆ. ಅಮ್ಮನ ಮುಖ ಆಗ ಸ್ವಲ್ಪ ಕಪ್ಪಿಡುತ್ತಿದ್ದುದನ್ನು ಇಂಗ್ಲಿಷಿನ ಮೇಲಿನ ಮುನಿಸೆಂದೇ ತಿಳಿದಿದ್ದೆ.

ಒಂದು ಸೋಮವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಮನೆಯಲ್ಲಿರಲಿಲ್ಲ. ಕಾಕುವಿನ ಮನೆಯಲ್ಲೂ ಇಲ್ಲ, ಟೆರೇಸಿನ ಮೇಲೂ ಇಲ್ಲ. ಒಬ್ಬರೇ ಗೇಟು ದಾಟದ ಹೆಂಗಸು; ನಮ್ಮ ಬಿಲ್ಡಿಂಗಿನ ಹೆಸರನ್ನು ಹೇಳಲೂ ಬಾರದು, ಯಾರಾದರೂ ಹೇಳಿದ್ದು ತಿಳಿಯಲೂ ತಿಳಿಯದು. ಹಿಂದುಗಡೆಯ ಗ್ಯಾಲರಿಯಲ್ಲಿ ಹಲ್ಲುಜ್ಜುತ್ತಿದ್ದ ಶಾಲಿನಿ ಬಾಯಿ ತುಂಬ ನೊರೆ ಹೊತ್ತು ಒಳಬಂದಳು. ಎಂಥ ಹೊತ್ತಿನಲ್ಲೂ ಶಾಸನ ಮೀರದ ನಾನು ಇಂಗ್ಲಿಷಿನಲ್ಲೇ ವಿಚಾರಿಸಿದೆ. ಅವಳೂ ವಿಧೇಯಳಾಗಿ, 'ಅಜ್ಜಿ ಈಸ್ ಗೋಯಿಂಗ್. ಗೋಯಿಂಗ್ ಅಂಡ್ ಗೋಯಿಂಗ್ ಅಂಡ್ ಗೋಯಿಂಗ್' ಎಂದಳು.

ಅಷ್ಟೊಂದು ಸಲ ಹೋದ ಮನುಷ್ಯರು ಎಲ್ಲಿಗೆ ತಲುಪಿರಬಹುದೆಂದು ನೀವೇ ಊಹಿಸಿ. ನನ್ನ ಕಣ್ಣಿಗೆ ಅಮ್ಮ ಆಗಲೇ ರೈಲು ಹತ್ತಿ, ಊರಿನಂಚಿನ ದಹಿಸರ್ ದಾಟಿದ್ದರು. ಟಿಫಿನ್ ಚೀಲವನ್ನು ಏಕೆಂದು ತಿಳಿಯದೆ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದೆ. ಟಿಕೆಟ್ ಕಿಟಕಿ, ಸೇತುವೆ, ಎರಡೂ ಕಡೆಯ ಪ್ಲಾಟ್‌ಫಾರ್ಮು, ಹೆಂಗಸರ ಡಬ್ಬಿ ನಿಲ್ಲುವ ಜಾಗ, ಎಲ್ಲ ಹುಡುಕಿದೆ. ಒಂಬತ್ತು ಗಜದ ಸೀರೆಗಳು ಬೇಕಾದಷ್ಟಿದ್ದವು, ಅಮ್ಮನದಿರಲಿಲ್ಲ. ದಿನವೂ ನನ್ನನ್ನು ಹಿಂಡಿ ಹಿಪ್ಪೆ ಮಾಡುವ ಆ ಜನಸಂದಣಿಗೆ ನಾನು ನಿಜವಾಗಿ ಹೆದರಿದ್ದು ಅಂದೇ. ಪೊಲೀಸರಿಗೆ ತಿಳಿಸೋಣವೆಂದು, ಅಮ್ಮನ ಫೋಟೋ ತರಲು ಕಾಲೆಳೆಯುತ್ತ ಮರಳಿದಾಗ ವಿಮಲಾ ಗೇಟಿನಲ್ಲೇ ನಿಂತು ನಗುತ್ತಿದ್ದಳು. ಅವಳು ಮೌನವ್ರತ ಮುರಿದು ಮಗಳನ್ನು ಕನ್ನಡದಲ್ಲಿ ಕೇಳಿದ್ದಳಷ್ಟೆ. ಸೊಂಟದ ಮೇಲಿದ್ದ ಶಾಲಿನಿ ನನಗೂ ಅದನ್ನೇ ಒಪ್ಪಿಸಿದಳು: "ಅಜ್ಜಿ ಎಲ್ಲೂ ಹೋಗಿಲ್ಲ ಅಪ್ಪ. ಗೋಡೆ ಬಳಸ್ಕೊಂಡು ಹಿಂದಕ್ಕೆ ಹೋಗಿ, ಮರಾನ ಸುತ್ತುತಾ ಇದಾರೆ."

ಅಂದು ಸೋಮವಾರದ ಅಮಾವಾಸ್ಯೆ, ಅಶ್ವತ್ಥ ಪ್ರದಕ್ಷಿಣೆಯ ದಿನ. ಹಿಟ್ಟಿನ ಗಿರಣಿಯ ಹಿಂದಿನ ಅರಳಿಮರ ನಮ್ಮ ಗ್ಯಾಲರಿಗೆ ಚೆನ್ನಾಗಿ ಕಾಣುತ್ತಿತ್ತು. ಹಲ್ಲುಜ್ಜುವವರಿಗೆ ಕಾಣುತ್ತಿತ್ತು, ಇಂಗ್ಲಿಷ್ ಆಡುವವರಿಗೆ ಕಂಡಿರಲಿಲ್ಲ. ಅಮ್ಮ ಒದ್ದೆ ಸೀರೆಯುಟ್ಟು, ತುಟಿಯಲ್ಲೇ ಎಣಿಸುತ್ತ, ಎರಡು ಮರಾಠಿ ಮುದುಕಿಯರ ಹಿಂದೆ ನಿಧಾನವಾಗಿ ಸುತ್ತುತ್ತಿದ್ದರು. ಮಾತಾಡಿಸಿದೆ, ಎಣಿಕೆ ತಪ್ಪೀತೆಂದು ಅವರು ಬೆರಳು ತೋರಿಸಿ ಮುಂದೆ ನಡೆದರು. ನಿಂತರೆ ಅವರು ಮರದಾಚೆ ಮರೆಯಾಗುವುದನ್ನು ನೋಡಲಾರದೆ, ಪ್ಯಾಂಟು, ಬೂಟು, ಟಿಫಿನ್ ಚೀಲಗಳ ಸಮೇತ ನಾನೂ ಹಿಂದೆ ಸುತ್ತತೊಡಗಿದೆ. ಕೂಗಳತೆಯಲ್ಲಿ ಲೋಕಲ್‌ಗಳು ಒಂದೊಂದಾಗಿ ಹೋದವು. ಅಷ್ಟು ಸುಖವಾಗಿ ನಾನು ಯಾವ ಗಾಡಿಯನ್ನೂ ತಪ್ಪಿಸಿಕೊಂಡಿರಲಿಲ್ಲ.

ಕೊನೆಯ ಸುತ್ತು ಮುಗಿದ ಮೇಲೆ, ಹೇಳದೆ ಬಂದದ್ದೇಕೆಂದು ಕೇಳಿದೆ. ನಿಮ್ಮ ಇಂಗ್ಲಿಷಿನ ಹೊತ್ತಾಗಿತ್ತಲ್ಲ, ನಡುವೆ ಬಾಯಿ ಹಾಕಬಾರದೆಂದು ಬಂದೆ ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ನನ್ನ ಹಣೆ ಒರೆಸಿದರು.

"ದಿನಾ ಬಾಗಿಲಲ್ಲಿ ನಿಂತು ಗೋಯಿಂಗು ಗೋಯಿಂಗು ಅಂತೀಯಲ್ಲಪ್ಪ. ಆ ರೈಲಲ್ಲಿ ಜೋತುಬಿದ್ಕೊಂಡು ಹೋಗೋನು, ಹೋಗಿ ಬರ್ತೀನಿ ಅನ್ನೋದನ್ನೇ ಬಿಟ್ಟಿದೀಯ. ಬರ್ತಾನೆ ಅಂತ ಯಾರಾದ್ರೂ ಒಬ್ಬರು ಹೇಳಬೇಡ್ವೇ? ಅದಕ್ಕೇ ಸುತ್ತಿದೆ."

ಶಾಸನ ಅಂದೇ ರದ್ದಾಯಿತು. ಮಗಳ ಇಂಗ್ಲಿಷೇನೂ ಬಡವಾಗಲಿಲ್ಲ. ಮರುದಿನ ನಾನು ಹೊಸಿಲಲ್ಲಿ ನಿಂತು "ಹೋಗಿ ಬರ್ತೀನಮ್ಮ" ಎನ್ನುತ್ತಿದ್ದಾಗಲೇ ಶಾಲಿನಿಯ ಚೆಂಡು ಕಾಲಡಿಯಿಂದ ನುಸುಳಿ, ಎಂದಿನಂತೆ ಟಣ್ ಟಣ್ಣನೆ ಮೆಟ್ಟಿಲಿಳಿಯಿತು. ಅವಳು ಕಟಕಟೆಗೆ ಬಗ್ಗಿ, ನನಗೆಂದೇ ಇಂಗ್ಲಿಷಿನಲ್ಲಿ, 'ಬಾಲ್ ಈಸ್ ಗೋಯಿಂಗ್ ಅಂಡ್ ಕಮಿಂಗ್' ಎಂದು ಸಾರಿದಳು. ಇಳಿಯುವ ಚೆಂಡು ತಾನಾಗಿ ಮೇಲೆ ಬರುವುದಿಲ್ಲವೆಂದು ತಿದ್ದಲು ಹೊರಟವನು ಬಾಗಿಲಲ್ಲಿದ್ದ ಅಮ್ಮನ ಮುಖ ನೋಡಿ ಸುಮ್ಮನಾದೆ. ಕೆಳಗಿಳಿದು, ಪಾನ್‌ವಾಲಾನ ಹಲಗೆಯಡಿಯಿಂದ ಚೆಂಡನ್ನು ಹೆಕ್ಕಿ, ಮೂರು ಮಹಡಿ ಹತ್ತಿ ತಂದುಕೊಟ್ಟು, ಇನ್ನೊಮ್ಮೆ ಹೇಳಿ ಹೊರಟೆ.