ಅಮ್ಮನ ಕ್ಲಾಸಿನ ಮಗಳು

ಟೀಚರ್ ಕೆಲಸ ಅಂದರೆ ಪಾಠ ಹೇಳುವುದಷ್ಟೇ ಅಂದುಕೊಂಡವರು ಒಂದು ದಿನ ನಮ್ಮ ಶಾಲೆಗೆ ಬಂದು ನೋಡಬೇಕಿತ್ತು. ಇರುವುದು ಎರಡು ಕೋಣೆ, ಇಬ್ಬರು ಟೀಚರು. ದೊಡ್ಡ ಮಕ್ಕಳಿಗೆ ಅಕ್ಕ, ಚಿಕ್ಕವರಿಗೆ ನಾನು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಕರೆದು ಕರೆದು ಹಾಗಾದವಳು. ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಕಟ್ಟಿಕೊಂಡ ನಲ್ಲಿಗೆ ಕಡ್ಡಿ ಹಾಕಿ ಕೆದಕುವುದು, ಮಕ್ಕಳ ತಲೆಯ ಹೇನು ನೋಡುವುದು, ಕುಡಿದು ಬಂದ ಅಪ್ಪಂದಿರನ್ನು ಗೇಟಿನಿಂದಲೇ ಗದರಿಸಿ ಅಟ್ಟುವುದು, ಎಲ್ಲ ಅವಳ ತಲೆಗೇ. ಇದರ ಮಧ್ಯೆ ಭಿನ್ನರಾಶಿ ಬೇರೆ!

ಯಾವ ಮಗು ಸಪ್ಪಗಿದ್ದರೂ ಅಕ್ಕನ ಕಣ್ಣಿಗೆ ಬೀಳುತ್ತಿತ್ತು. ಹಣೆ ಮುಟ್ಟಿ ನೋಡುತ್ತಿದ್ದಳು, ತನ್ನ ಕುರ್ಚಿಯ ಪಕ್ಕ ಕೂರಿಸಿಕೊಳ್ಳುತ್ತಿದ್ದಳು. ಆಮೇಲೂ ಸುಧಾರಿಸದಿದ್ದರೆ ತಾಯಿಗೆ ಹೇಳಿ ಕಳಿಸುತ್ತಿದ್ದಳು. ಆ ತಾಯಿ ಬಂದು ಕರೆದುಕೊಂಡು ಹೋಗುತ್ತಿದ್ದಳು.

ಅಕ್ಕನ ಸ್ವಂತ ಮಗಳೂ ಅವಳ ಕ್ಲಾಸಿಗೇ ಬಂದಳು. ಪದ್ಯ ಹೇಳುವ ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂತು. ಟೈಲರ್ ಹೆಂಡತಿ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು: “ತಾಯಿನೇ ಟೀಚರ್ ಆದ್ಮೇಲೆ ಬಹುಮಾನ ನಮ್ ಮಕ್ಕಳಿಗೆ ಬರುತ್ತಾ?” ಅವಳ ಬಾಯಿಗೆ ಮಣ್ಣು ಬೀಳ! ಅಂದಿನಿಂದ ಅಕ್ಕ ಮಗಳಿಗೆ ಕೊಟ್ಟಿದ್ದು ಹಿಂದಿನ ಬೆಂಚು, ಬೇರೆಯವರಿಗಿಂತ ಹೆಚ್ಚು ಬೈಗುಳ.

“ಅಕ್ಕಾ, ಅತಿಯಾಯ್ತು,” ಅಂದೆ.

“ನೀನು ಸುಮ್ನಿರೇ. ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ಮುಖ ಎಲ್ಲಿಟ್ಕೊಳ್ಳಲಿ?”

ಲೆಕ್ಕದ ಪರೀಕ್ಷೆಯ ದಿನ ಆ ಹುಡುಗಿ ಎದ್ದು ನಿಂತಳು. “ಟೀಚರ್, ಹೊಟ್ಟೆ ತುಂಬಾ ನೋಯ್ತಿದೆ.” ಕ್ಲಾಸೆಲ್ಲ ಅಕ್ಕನ ಮುಖ ನೋಡಿತು. ಅವಳು ಕುರ್ಚಿಯಿಂದ ಏಳಲಿಲ್ಲ.

“ಪರೀಕ್ಷೆ ದಿನಾನೇ ನೋಯುತ್ತಾ ನಿನ್ ಹೊಟ್ಟೆ? ಕೂತ್ಕೊಂಡು ಬರಿ.”

ಮಕ್ಕಳು ಕಿಸಕ್ಕೆಂದರು. ಬಾಗಿಲಲ್ಲಿ ನಿಂತಿದ್ದ ನಾನು, “ಒಂದ್ಸಲ ಮುಟ್ಟಿಯಾದ್ರೂ ನೋಡಕ್ಕಾ,” ಅಂದೆ. “ಇವಳನ್ನ ಬಿಟ್ಟು ಕಳಿಸಿದ್ರೆ ನಾಳೆ ಎಲ್ರಿಗೂ ಹೊಟ್ಟೆ ನೋಯುತ್ತೆ,” ಅಂದಳು. ಹುಡುಗಿ ಎಡಗೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕೊನೆಯ ಲೆಕ್ಕದವರೆಗೂ ಬರೆದಳು.

ಸಂಜೆ ಮನೆಯಲ್ಲಿ ವಾಂತಿಯಾಯಿತಂತೆ. ಅಕ್ಕ ಬಿಸಿನೀರು ಕುಡಿಸಿ ಮಲಗಿಸಿದಳಂತೆ. ಆಮೇಲೆ ನೋವು ಇದ್ದಕ್ಕಿದ್ದಂತೆ ಇಳಿದು, ಮಗು ನಿದ್ದೆ ಹೋಯಿತಂತೆ. ಮರುದಿನ ಬೆಳಿಗ್ಗೆ ಬೀಗ ತೆಗೆಯುತ್ತಾ ಅಕ್ಕ ನಕ್ಕಳು: “ನೋಡಿದ್ಯಾ? ಪರೀಕ್ಷೆ ಮುಗೀತು, ನೋವೂ ಹೋಯ್ತು!” ನಾನೂ ನಕ್ಕೆ. ಪಕ್ಕದಲ್ಲಿ ಆ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಬೆಂಚಿನಿಂದ ಜಾರಿ ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಅಕ್ಕ ಮಗಳನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದಳು. ಶಾಲೆ ಬಾಗಿಲು ತೆರೆದೇ ಬಿದ್ದಿತ್ತು. ನಾನು ಮಕ್ಕಳನ್ನು ಮನೆಗೆ ಕಳಿಸಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಪರೇಷನ್ ಶುರುವಾಗಿತ್ತು. ಕರುಳಿನ ಬಾಲ, ಅದೇ ಅಪೆಂಡಿಕ್ಸ್, ಹಿಂದಿನ ದಿನವೇ ಒಡೆದು, ಕೀವು ಹೊಟ್ಟೆಯೆಲ್ಲ ಹರಡಿತ್ತು. ನೋವು ಇಳಿದದ್ದು ಅದು ಒಡೆದದ್ದರಿಂದಲೇ ಅಂತ ಆಮೇಲೆ ಗೊತ್ತಾಯಿತು. ಮಗು ಆ ವಾರ ದಾಟಲಿಲ್ಲ.

ಡಾಕ್ಟರು ಒಳ್ಳೆಯವರು. ಮಗು ಹೋದ ದಿನ ಹೊರಗೆ ಬಂದು ಅಕ್ಕನ ಎದುರು ಕೂತರು. ಅವಳು ಯಾರು, ಏನು ಕೆಲಸ ಅಂತ ಅವರಿಗೇನು ಗೊತ್ತು? ಅವಳ ಮೇಲಿನ ಕನಿಕರಕ್ಕೇ ಸಿಟ್ಟಾದರು.

“ಸ್ಕೂಲಲ್ಲೇ ನೋವು ಶುರುವಾಗಿತ್ತು ಅಂತೀರಲ್ಲಮ್ಮಾ. ಮಗು ಬಾಯಿಬಿಟ್ಟು ಹೇಳಿದೆ. ಆ ಟೀಚರ್ ಆಗ್ಲೇ ತಾಯಿಗೆ ಒಂದು ಮಾತು ಹೇಳಿ ಕಳಿಸಿದ್ರೆ, ಬದುಕ್ತಿತ್ತಲ್ಲಮ್ಮಾ.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತಲೆಯೆತ್ತಿದಳು.

“ಹೇಳಿ ಕಳಿಸ್ಲಿಲ್ಲ ಡಾಕ್ಟ್ರೇ. ತಾಯಿ ಅಲ್ಲೇ ಕೂತಿದ್ಲು.”